ಗಂಗೆಯ ತೊರಕೆ: ಗುರುತು ಸಿಗದ ಮೀನಿನ ರಕ್ಷಣೆ

ಬಾದಾಮಿ ಸೀಮೆಯನ್ನು ಹಾದು, ಪಟ್ಟದಕಲ್ಲು, ಐಹೊಳೆಗಳ ಬದಿಗೆ ಹರಿದು ಬರುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನೀರು ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನು. ಆ ಕೊಲ್ಲಿಯ ಮರಳು, ಕೆಸರಿನ ತಳದಲ್ಲಿ ಬದುಕುವ ಮೀನುಗಳಲ್ಲಿ ತೊರಕೆಯೂ ಒಂದು. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ನಮಗೆ ಇದರ ಪರಿಚಯ ಕಡಿಮೆ. ಪಡುವಣ ಕಡಲಲ್ಲೂ ಇದು ಇರುವುದರಿಂದ ಮಂಗಳೂರು, ಮಲ್ಪೆಯ ಮೀನುಗಾರರಿಗೆ ದಿನನಿತ್ಯದ ಮೀನು.

ಎಲುಬಿಲ್ಲದ ಮೀನು

ತೊರಕೆ ಶಾರ್ಕ್ ಮೀನಿನ ಬಳಗದ್ದು. ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ಮೈ ಮೊರದಷ್ಟು ಚಪ್ಪಟೆ. ಬಾಯಿ ಕೆಳಗೆ, ಕಣ್ಣು ಮೇಲೆ. ಮರಳಲ್ಲಿ ಹುದುಗಿದ್ದಾಗಲೂ ಕಣ್ಣಿನ ಹಿಂದಿನ ರಂಧ್ರಗಳಿಂದ ನೀರೆಳೆದು ಉಸಿರಾಡುತ್ತದೆ. ಬೇಟೆಯ ಮೈಯಿಂದ ಹೊಮ್ಮುವ ಸಣ್ಣ ವಿದ್ಯುತ್ತನ್ನು ಗ್ರಹಿಸಿ ಏಡಿ, ಸಿಗಡಿಗಳನ್ನು ಹುಡುಕುತ್ತದೆ. ಬಾಲದ ವಿಷಮುಳ್ಳು ಇರುವುದು ಆತ್ಮರಕ್ಷಣೆಗೆ ಮಾತ್ರ.

ಇದು ಮರಿ ಹಾಕುವ ಮೀನು. ಗರ್ಭದೊಳಗೆ ತಾಯಿ ಸ್ರವಿಸುವ ಹಾಲಿನಂಥ ದ್ರವ ಉಂಡು ಮರಿ ಬೆಳೆಯುತ್ತದೆ. ಸಾಮಾನ್ಯ ಮೀನುಗಳು ಸಾವಿರಗಟ್ಟಲೆ ಮೊಟ್ಟೆಯಿಟ್ಟರೆ, ತೊರಕೆ ಒಂದು ಸೂಲಿಗೆ ಹೆರುವುದು ಕೆಲವೇ ಮರಿಗಳನ್ನು. ಪ್ರಾಯಕ್ಕೆ ಬರುವುದೂ ತಡ. ಹಾಗಾಗಿ ತಳ ಗುಡಿಸುವ ಟ್ರಾಲ್ ಬಲೆಗೆ ಸಿಕ್ಕು ಸತ್ತಷ್ಟು ವೇಗದಲ್ಲಿ ಅವು ಮತ್ತೆ ಹುಟ್ಟಲಾರವು. 2021ರ ಜಾಗತಿಕ ಅಧ್ಯಯನದ ಪ್ರಕಾರ ಶಾರ್ಕ್, ತೊರಕೆ ಬಳಗದ ಮೂರರಲ್ಲೊಂದು ಭಾಗಕ್ಕೂ ಹೆಚ್ಚು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ.

ಬುಕಾನನ್ ಬರೆದಿಟ್ಟ ಮೀನು

ಬಹುತೇಕ ತೊರಕೆಗಳು ಕಡಲಿನವು. ಕೆಲವು ಮಾತ್ರ ಅಳಿವೆ ದಾಟಿ ಹೊಳೆಗೂ ಬರುತ್ತವೆ. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ನಮ್ಮ ಬೇಸಾಯ, ಬದುಕನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಮುಂದೆ ಗಂಗೆಯ ಮೀನುಗಳ ಬಗ್ಗೆ ಬರೆದ. 1822ರ ಆ ಗ್ರಂಥದಲ್ಲಿ ನದಿಯ ತೊರಕೆಯೊಂದರ ವರ್ಣನೆಯಿದೆ. ಆದರೆ ಆ ವರ್ಣನೆಗೆ ಆಧಾರವಾದ ಮೀನಿನ ಮಾದರಿ ಇಂದು ಯಾವ ಸಂಗ್ರಹದಲ್ಲೂ ಸಿಗುವುದಿಲ್ಲ. ಅದು ಯಾವ ಪ್ರಭೇದವೆಂಬ ಚರ್ಚೆ ಇನ್ನೂ ಮುಗಿದಿಲ್ಲ. 2001ರಲ್ಲಿ ಭಾರತ ಈ ಗಂಗಾ ತೊರಕೆಯನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿಗೆ ಸಿಕ್ಕ ರಕ್ಷಣೆಯೇ ಇದಕ್ಕೂ ಸಿಕ್ಕಿತು. ಆದರೆ ಬಲೆಗೆ ಬಿದ್ದ ಮೀನು ಇದೇ ಎಂದು ಗುರುತಿಸುವವರಿಲ್ಲದಿದ್ದರೆ ಕಾಯ್ದೆ ಏನು ಮಾಡೀತು?

ಜಾವಾದ ನಷ್ಟ, ಮೆಕಾಂಗ್‌ನ ದಾರಿ

ಜಾವಾ ದ್ವೀಪದ ಪುಟ್ಟ ತೊರಕೆಯೊಂದು ವಿಜ್ಞಾನಕ್ಕೆ ಸಿಕ್ಕಿದ್ದು ಒಂದೇ ಬಾರಿ, 1862ರಲ್ಲಿ, ಈಗಿನ ಜಕಾರ್ತಾದ ಮೀನುಪೇಟೆಯಲ್ಲಿ. 2023ರ ಡಿಸೆಂಬರ್‌ನಲ್ಲಿ ಅದನ್ನು ನಿರ್ನಾಮವಾದ ಪ್ರಭೇದವೆಂದು ಘೋಷಿಸಲಾಯಿತು.

ಉಳಿಸಿಕೊಂಡ ಉದಾಹರಣೆಯೂ ಇದೆ. 2022ರ ಜೂನ್‌ನಲ್ಲಿ ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ 300 ಕಿಲೋ ತೂಕದ, ಸುಮಾರು 4 ಮೀಟರ್ ಉದ್ದದ ದೈತ್ಯ ತೊರಕೆ ಸಿಕ್ಕಿತು. ಸಿಹಿನೀರಿನಲ್ಲಿ ದಾಖಲಾದ ಅತಿ ಭಾರದ ಮೀನು ಅದು. ಮೀನು ಹಿಡಿದವನು ಸಂಶೋಧಕರಿಗೆ ತಿಳಿಸಿದ. ಅವರು ಮಾರುಕಟ್ಟೆಯ ಬೆಲೆ ಕೊಟ್ಟರು. ಚಲನೆ ತಿಳಿಸುವ ಸಾಧನ ಕಟ್ಟಿ ಮೀನನ್ನು ಜೀವಂತ ಬಿಟ್ಟರು. ಮೀನುಗಾರನ ಹೊಟ್ಟೆಗೆ ಪೆಟ್ಟಾಗದಂತೆ ನೋಡಿಕೊಂಡಾಗ ಸಂರಕ್ಷಣೆ ಗೆಲ್ಲುತ್ತದೆ.

ನಮ್ಮ ಹೊಳೆಯ ಪಾಲು

ತೊರಕೆ ನಮ್ಮ ಹೊಳೆಯಲ್ಲಿಲ್ಲ. ಆದರೆ ಅದರಂಥದೇ ಸಂಕಟ ನಮ್ಮ ಹೊಳೆಯ ಮೀನುಗಳಿಗೂ ಇದೆ. ಮೂತಿಯ ಮೇಲೆ ಕೋಡಿನಂಥ ಗುಬುಟು ಇರುವ ನುಕ್ತಾ ಎಂಬ ಮೀನನ್ನು 1839ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ ಲೋಕಕ್ಕೆ ಪರಿಚಯಿಸಿದ. ಕೃಷ್ಣಾ ಕಣಿವೆಯ ಈ ಮೀನು ಇಂದು ಅಳಿವಿನಂಚಿನ ಕೆಂಪು ಪಟ್ಟಿಯಲ್ಲಿದೆ. ಅಣೆಕಟ್ಟು, ಕೊಳಚೆ, ಮರಳು ಗಣಿಗಾರಿಕೆ, ಹೊರಗಿನಿಂದ ತಂದು ಬಿಟ್ಟ ಮೀನುಗಳು ಇಂಥ ಹೊಳೆಮೀನುಗಳ ನೆಲೆ ಕಸಿಯುತ್ತಿವೆ. ಅಣೆಕಟ್ಟುಗಳ ಹಿಂದೆ ನಿಂತ ಹೂಳು ಕಡಲಂಚಿಗೆ ತಲುಪದೆ ಕೆಳಗಿನ ಅಳಿವೆಯೂ ಸೊರಗುತ್ತದೆ.

ಆದ್ದರಿಂದ ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯ ಮೀನುಗಾರರಲ್ಲಿ, ಶಾಲಾ ಶಿಕ್ಷಕರಲ್ಲಿ, ಓದುವ ಮಕ್ಕಳಲ್ಲಿ ಒಂದು ವಿನಂತಿ. ಅಪರೂಪದ ಮೀನು ಕಂಡರೆ ಫೋಟೊ ತೆಗೆಯಿರಿ. ದಿನಾಂಕ, ಜಾಗ, ಊರವರು ಕರೆಯುವ ಹೆಸರು ಬರೆದಿಡಿ. ಮೀನುಗಾರಿಕೆ ಇಲಾಖೆಗೆ ಅಥವಾ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಿಳಿಸಿ. ಯಾವ ಮೀನನ್ನೇ ಉಳಿಸಬೇಕಾದರೂ ಮೊದಲು ಅದರ ಗುರುತು ದಾಖಲಾಗಬೇಕು.