ಕದರಮಂಡಲಗಿಯಲ್ಲಿ ಸಿಗದ ಕದರಮಂಡಲಗಿಯವರು

ಕದರಮಂಡಲಗಿ ಎಂಬ ಅಡ್ಡಹೆಸರಿನ ಮನೆಗಳು ಹುಬ್ಬಳ್ಳಿಯಲ್ಲಿವೆ, ಧಾರವಾಡದಲ್ಲಿವೆ, ಬೆಂಗಳೂರಿನಲ್ಲೂ ಇವೆ. ಕದರಮಂಡಲಗಿಯಲ್ಲಿ ಮಾತ್ರ ನನಗೆ ಒಂದೂ ಸಿಗಲಿಲ್ಲ. ಆ ಊರಿನ ಶಾಲೆಯಲ್ಲಿ ನಾನು ಅಕ್ಕೋರಾಗಿದ್ದಷ್ಟು ಕಾಲ ಆ ಅಡ್ಡಹೆಸರು ಇದ್ದದ್ದು ಒಬ್ಬರಿಗೇ. ಅದು ಮಕ್ಕಳ ಹಾಜರಿ ಪುಸ್ತಕದಲ್ಲಿರಲಿಲ್ಲ, ಶಿಕ್ಷಕರ ಹಾಜರಿಯಲ್ಲಿತ್ತು. ಅದು ನನ್ನ ಹೆಸರು.

ನಾನು ಹುಟ್ಟಿದ್ದು, ಬೆಳೆದದ್ದು ಹುಬ್ಬಳ್ಳಿಯಲ್ಲಿ. ನೌಕರಿ ಸಿಕ್ಕು ಮೊದಲ ದಿನ ಬಸ್ಸಿಳಿದಾಗ ಊರಿನ ಹಿರಿಯರೊಬ್ಬರು, ‘ಅಕ್ಕೋರ, ನಿಮ್ಮ ಅಡ್ಡಹೆಸರೇನ್ರಿ?’ ಎಂದು ಕೇಳಿದರು. ಹೇಳಿದೆ. ‘ಅಲ್ರಿ, ಇದು ನಮ್ಮ ಊರಿನ ಹೆಸರಾತು. ನಿಮ್ಮ ಅಡ್ಡಹೆಸರು ಹೇಳ್ರಿ’ ಎಂದರು. ಅವರಿಗೆ ಆ ಹೆಸರು ಒಂದು ಮನೆತನದ ಗುರುತಾಗಿ ಕೇಳಿಸಲೇ ಇಲ್ಲ. ಕೇಳಿಸಲು ಕಾರಣವೂ ಇರಲಿಲ್ಲ. ಊರಿನವರೆಲ್ಲ ಕದರಮಂಡಲಗಿಯವರೇ ಆಗಿರುವಾಗ ಒಬ್ಬನನ್ನು ಮಾತ್ರ ಹಾಗೆಂದು ಕರೆದರೆ ಯಾರಿಗೆ ಗೊತ್ತಾಗಬೇಕು? ಊರ ಹೆಸರು ಅಡ್ಡಹೆಸರಾಗುವುದು ಆ ಊರು ಬಿಟ್ಟ ಮೇಲೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಈ ಊರನ್ನು ಹೊರಗಿನವರು ಬಲ್ಲುದು ಕಾಂತೇಶನಿಂದ. ಇಲ್ಲಿಯ ಹನುಮಪ್ಪ ಕಾಂತೇಶ, ಹಿರೇಕೆರೂರು ಸೀಮೆಯ ಸಾತೇನಹಳ್ಳಿಯವನು ಶಾಂತೇಶ, ಶಿಕಾರಿಪುರದವನು ಭ್ರಾಂತೇಶ. ಮೂವರ ದರ್ಶನವನ್ನೂ ಒಂದೇ ದಿನದಲ್ಲಿ ಮುಗಿಸಿದರೆ ಪುಣ್ಯ ಹೆಚ್ಚೆಂಬ ನಂಬಿಕೆಯಿಂದ ನಸುಕಿನಲ್ಲೇ ಹೊರಡುವವರಿದ್ದಾರೆ. ಕನಕದಾಸರು ಮೋಹನತರಂಗಿಣಿ ಬರೆದದ್ದು ಈ ಗುಡಿಯಲ್ಲೇ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಗಂಡುಮಗುವಿಗೆ ಕಾಂತೇಶ ಎಂದು ಹೆಸರಿಡುವ ರೂಢಿ ಇದೆ. ಹಾಗಾಗಿ ಊರಿನಲ್ಲಿ ಉಳಿದವರು ದೇವರ ಹೆಸರನ್ನು ತಮ್ಮ ಹೆಸರಾಗಿ ಇಟ್ಟುಕೊಂಡರು, ಊರು ಬಿಟ್ಟವರು ಊರ ಹೆಸರನ್ನು ಅಡ್ಡಹೆಸರಾಗಿ ಒಯ್ದರು.

ನಮ್ಮ ಅಜ್ಜ ಒಯ್ದದ್ದು ಹೀಗೆ. ಬರಗಾಲದ ಒಂದು ವರ್ಷ ಬ್ಯಾಡಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ನಿಂತ. ಆ ಅಂಗಡಿಯಲ್ಲಿ ಮೊದಲೇ ಇನ್ನಿಬ್ಬರು ಬಸಪ್ಪಂದಿರಿದ್ದರು. ಸಾವಕಾರರು ಕೀರ್ದಿಯಲ್ಲಿ ಇವನನ್ನು ‘ಕದರಮಂಡಲಗಿ ಬಸಪ್ಪ’ ಎಂದು ಬರೆದರು. ಓಣಿಯವರೂ ಹಾಗೇ ಕರೆದರು. ಮುಂದೆ ಅಪ್ಪನನ್ನು ಶಾಲೆಗೆ ಹಾಕುವಾಗ ಮಾಸ್ತರರು ಅಡ್ಡಹೆಸರು ಕೇಳಿದರು, ಅಜ್ಜ ಓಣಿಯಲ್ಲಿ ಕರೆಯುವುದನ್ನೇ ಹೇಳಿದ, ಮಾಸ್ತರರು ದಾಖಲಾತಿ ರಜಿಸ್ಟರಿನಲ್ಲಿ ಬರೆದರು. ನಮ್ಮ ಕಡೆಯ ಎಷ್ಟೋ ಮನೆತನಗಳ ಅಡ್ಡಹೆಸರು ಗಟ್ಟಿಯಾದದ್ದು ಹೀಗೆ ಶಾಲೆಯ ರಜಿಸ್ಟರಿನಲ್ಲಿ, ಮಾಸ್ತರರ ಕೈಬರಹದಲ್ಲಿ. ಮುಂದೆ ನಾನೇ ಆ ರಜಿಸ್ಟರು ಬರೆಯುವ ಕುರ್ಚಿಯಲ್ಲಿ ಕೂತಾಗ ಆ ಒಂದು ಕಾಲಂ ತುಂಬುವ ಮುಂಚೆ ತಾಯಿ ತಂದೆಯನ್ನು ನಾಲ್ಕು ಮಾತು ಕೇಳದೆ ಪೆನ್ನು ಊರುತ್ತಿರಲಿಲ್ಲ.

ಹಾಜರಿ ಕೂಗುವಾಗ ಅಡ್ಡಹೆಸರುಗಳಲ್ಲೇ ಊರಿನ ಚರಿತ್ರೆ ಕೇಳುತ್ತಿತ್ತು. ಬಡಿಗೇರ, ಕಮ್ಮಾರ, ಕುಂಬಾರ, ಹೂಗಾರ ಎಂಬ ಕಸುಬಿನ ಮನೆಗಳು. ತಳವಾರ, ಓಲೇಕಾರ, ಪಾಟೀಲ, ಕುಲಕರ್ಣಿ ಎಂಬ ಹಳ್ಳಿಯ ಆಡಳಿತದ ಹುದ್ದೆಗಳು. ಹುದ್ದೆ ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿದೆ. ವ್ಯಾಪಾರದಿಂದ ಬಂದಂಥವು ಬೆಲ್ಲದ, ಅಕ್ಕಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಮೆಣಸಿನಕಾಯಿ ಎಂಬುದು ನಮ್ಮಲ್ಲಿ ನಿಜವಾಗಿ ಇರುವ ಅಡ್ಡಹೆಸರು, ಬೆಂಗಳೂರಿನವರು ನಂಬುವುದಿಲ್ಲ. ಆಮೇಲೆ ‘ನವರ’ ಎಂದು ಮುಗಿಯುವ ದೊಡ್ಡ ಗುಂಪು. ಯಾವನೋ ಒಬ್ಬ ಮುತ್ತಜ್ಜ ಶಿವಣ್ಣ, ಅವನ ಮಕ್ಕಳು ಮೊಮ್ಮಕ್ಕಳೆಲ್ಲ ಶಿವಣ್ಣನವರ. ಕೊನೆಗೆ ಊರಿನ ಹೆಸರಿನವರು: ಮೋಟೆಬೆನ್ನೂರ, ಕಾಗಿನೆಲ್ಲಿ, ಗುತ್ತಲ, ಹಾವನೂರ. ಇವರು ಯಾವುದೋ ತಲೆಮಾರಿನಲ್ಲಿ ಆ ಊರುಗಳಿಂದ ಇಲ್ಲಿಗೆ ಬಂದವರು. ಅಜ್ಜ ಹುಬ್ಬಳ್ಳಿಗೆ ಹೋಗಿ ಕದರಮಂಡಲಗಿ ಆದ ಹಾಗೆ, ಗುತ್ತಲದವರು ಇಲ್ಲಿಗೆ ಬಂದು ಗುತ್ತಲ ಆದರು. ಬ್ಯಾಡಗಿ ಕ್ಷೇತ್ರದಿಂದ 2018ರಲ್ಲಿ ಗೆದ್ದವರು ವಿರೂಪಾಕ್ಷಪ್ಪ ಬಳ್ಳಾರಿ, 2023ರಲ್ಲಿ ಗೆದ್ದವರು ಬಸವರಾಜ ಶಿವಣ್ಣನವರ. ಒಬ್ಬರ ಅಡ್ಡಹೆಸರಿನಲ್ಲಿ ಊರು, ಇನ್ನೊಬ್ಬರದರಲ್ಲಿ ಹಿರಿಯ.

ಈ ಊರ ಹೆಸರುಗಳು ಎಲ್ಲಿಯವರೆಗೆ ಹರಡಿವೆ, ಎಲ್ಲಿ ನಿಲ್ಲುತ್ತವೆ ಎಂಬುದು ನನಗೆ ಬಹಳ ಆಸಕ್ತಿಯ ಸಂಗತಿ. ರಾಣೆಬೆನ್ನೂರು ದಾಟಿ ಕುಮಾರಪಟ್ಟಣದ ಹತ್ತಿರ ತುಂಗಭದ್ರೆಯ ಸೇತುವೆ ಹಾಯ್ದರೆ ಆಚೆ ಹರಿಹರ. ಸೇತುವೆಯ ಈಚೆ ಅಡ್ಡಹೆಸರು, ಆಚೆ ಇನಿಷಿಯಲ್. ಕಾರಣ ನದಿಯಲ್ಲ, ಸರಕಾರ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ನಮ್ಮ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮುಂಬಯಿ ಪದ್ಧತಿ ಕಚೇರಿ, ಶಾಲೆ, ಕೋರ್ಟುಗಳಲ್ಲಿ ನೆಲೆಯಾಯಿತು. ಹರಿಹರ ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿ ಊರು ಮೊದಲು, ತಂದೆ ಆಮೇಲೆ, ತನ್ನ ಹೆಸರು ಕೊನೆಗೆ; ಮೊದಲಿನ ಎರಡೂ ಒಂದೊಂದು ಅಕ್ಷರಕ್ಕೆ ಇಳಿದವು. 1956ರ ನವೆಂಬರ್ 1ರಂದು ಎರಡೂ ಕಡೆ ಒಂದೇ ರಾಜ್ಯವಾದವು, 1997ರಲ್ಲಿ ಧಾರವಾಡದಿಂದ ಹಾವೇರಿ ಜಿಲ್ಲೆ ಬೇರೆಯಾಯಿತು, ಹೆಸರಿನ ಗಡಿ ಮಾತ್ರ ಇದ್ದಲ್ಲೇ ಇದೆ. ಕಾಂತೇಶ ಮತ್ತು ಶಾಂತೇಶ ಅಡ್ಡಹೆಸರಿನ ಸೀಮೆಯಲ್ಲಿದ್ದಾರೆ, ಭ್ರಾಂತೇಶ ಇನಿಷಿಯಲ್ ಸೀಮೆಯಲ್ಲಿದ್ದಾನೆ.

ಶಿಕಾರಿಪುರದ ಬಿ. ಎಸ್. ಯಡಿಯೂರಪ್ಪನವರ ‘ಬಿ’ ಎಂದರೆ ಮಂಡ್ಯ ಜಿಲ್ಲೆಯ ಬೂಕನಕೆರೆ. ಅವರ ಮನೆ ನಮ್ಮ ಕಡೆ ಬಂದಿದ್ದರೆ ಅವರು ಯಡಿಯೂರಪ್ಪ ಬೂಕನಕೆರಿ ಆಗುತ್ತಿದ್ದರು. ಮಕ್ಕಳಿಗೆ ನಾನು ಇಬ್ಬರು ಪುಟ್ಟಪ್ಪಂದಿರನ್ನು ಹೇಳಿಕೊಡುತ್ತಿದ್ದೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಒಬ್ಬರು, ಅವರ ಊರು ಹೆಸರಿನ ಮೊದಲಿಗೇ ಇದೆ. ಹಾವೇರಿ ತಾಲ್ಲೂಕಿನ ಕುರುಬಗೊಂಡದಲ್ಲಿ ಹುಟ್ಟಿದ ಪುಟ್ಟಪ್ಪ ಸಿದ್ಧಲಿಂಗಪ್ಪ ಪಾಟೀಲ ಇನ್ನೊಬ್ಬರು, ಅವರ ಹೆಸರಿನಲ್ಲಿ ಊರೇ ಇಲ್ಲ, ಮನೆತನದ ಹುದ್ದೆ ಇದೆ. ಒಬ್ಬರು ಕುವೆಂಪು, ಇನ್ನೊಬ್ಬರು ಪಾಪು.

ಊರ ಅಡ್ಡಹೆಸರು ಹುಟ್ಟೂರನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯದೆ ಮೋಸಹೋಗುವವರು ಬಹಳ. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಗೋಕಾಕದಲ್ಲಲ್ಲ, ನಮ್ಮ ಜಿಲ್ಲೆಯ ಸವಣೂರಿನಲ್ಲಿ. ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಯರಗಲ್ಲಿನಲ್ಲಿ. ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪ ನಮ್ಮ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. ಮೈಲಾರವಿರುವುದು ತುಂಗಭದ್ರೆಯ ಆಚೆ ದಂಡೆಯಲ್ಲಿ. ಹಾವೇರಿಯಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರದು ಇನ್ನೊಂದು ಬಗೆ. ಕುಲಕರ್ಣಿಗಳಿಗೆ ನಮ್ಮಲ್ಲಿ ಲೆಕ್ಕವಿಲ್ಲ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದ ಹೆಸರನ್ನು ಕಾವ್ಯನಾಮವಾಗಿ ತೆಗೆದುಕೊಂಡರು, ಕನ್ನಡ ಕಾದಂಬರಿಯ ಓದುಗರಿಗೆಲ್ಲ ಗಳಗನಾಥರಾದರು.

ಗಂಗೂಬಾಯಿ ಹಾನಗಲ್ ಅವರ ವಿಷಯ ನೆನೆದಾಗಲೆಲ್ಲ ನನಗೆ ಅಭಿಮಾನ ಉಕ್ಕುತ್ತದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮೊದಮೊದಲ ಗ್ರಾಮಫೋನ್ ಮುದ್ರಿಕೆಗಳ ಮೇಲೆ ಇದ್ದದ್ದು ಗಾಂಧಾರಿ ಹುಬ್ಳಿ ಎಂದು. ಆಮೇಲೆ ಮನೆತನದ ಮೂಲ ಊರು ಹಾನಗಲ್ಲು ಅವರ ಹೆಸರಿಗೆ ಕೂಡಿತು. ತಂದೆಯ ಕಡೆಯವರು ನಾಡಿಗೇರರು. ಆ ಹೆಸರು ಅವರಿಗೆ ಬರಲಿಲ್ಲ, ಊರಿನ ಹೆಸರು ಬಂತು. ಇಂದು ಹಾನಗಲ್ಲು ಎಂಬ ತಾಲ್ಲೂಕಿನ ಹೆಸರನ್ನು ದೇಶವೆಲ್ಲ ಬಲ್ಲುದು ಆ ಗಾಯಕಿಯಿಂದ. ಧಾರವಾಡದ ಹತ್ತಿರದ ಮನಸೂರನ್ನು ಮಲ್ಲಿಕಾರ್ಜುನ ಮನಸೂರರು ಹಾಗೇ ಒಯ್ದರು. ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರ ನಿಜಹೆಸರು ರಾಮಭಾವು ಕುಂದಗೋಳಕರ. ಅಲ್ಲಿ ಕುಂದಗೋಳಕ್ಕೆ ಮರಾಠಿಯ ‘ಕರ’ ಹತ್ತಿದೆ. ಸೊಲ್ಲಾಪುರ, ಬೆಳಗಾವಿ, ಗೋವೆಯ ಕಡೆಗೆ ಹೋದಂತೆ ಈ ‘ಕರ’ ಹೆಚ್ಚುತ್ತದೆ, ನಮ್ಮ ಕಡೆ ಬಂದಂತೆ ಬರಿಯ ಊರ ಹೆಸರು ಉಳಿಯುತ್ತದೆ.

ಒಂದೇ ಅಡ್ಡಹೆಸರಿನವರು ಒಂದೇ ರಕ್ತದವರೇ? ಅಲ್ಲ. ಕರ್ನಾಟಕದ ಮೊದಲ ಹಿಂದುಳಿದ ವರ್ಗಗಳ ಆಯೋಗಕ್ಕೆ 1972ರಲ್ಲಿ ಅಧ್ಯಕ್ಷರಾಗಿ 1975ರಲ್ಲಿ ವರದಿ ಕೊಟ್ಟವರು ಎಲ್. ಜಿ. ಹಾವನೂರ. ‘ಹೊಸಗನ್ನಡದ ಅರುಣೋದಯ’ ಬರೆದ ವಿದ್ವಾಂಸರು ಶ್ರೀನಿವಾಸ ಹಾವನೂರ. ಇಬ್ಬರೂ ಬೇರೆ ಬೇರೆ ಸಮುದಾಯದವರು, ಇಬ್ಬರ ಹೆಸರಿನಲ್ಲೂ ಇರುವುದು ತುಂಗಭದ್ರೆಯ ದಂಡೆಯ ಹಾವನೂರು. ನಮ್ಮಲ್ಲಿ ಲಗ್ನ ಕೂಡಿಸುವಾಗ ಹಿರಿಯರು ಅಡ್ಡಹೆಸರು ಒಂದೇ ಎಂದು ಹಿಂಜರಿಯುವುದಿಲ್ಲ, ಬೆಡಗು ಯಾವುದು, ಗೋತ್ರ ಯಾವುದು ಎಂದು ಕೇಳುತ್ತಾರೆ. ಒಂದೇ ಊರಿನಿಂದ ಲಿಂಗಾಯತರೂ ಹೊರಟಿರುತ್ತಾರೆ, ಬ್ರಾಹ್ಮಣರೂ ಮುಸಲ್ಮಾನರೂ ಹೊರಟಿರುತ್ತಾರೆ, ಹೋದಲ್ಲಿ ಎಲ್ಲರಿಗೂ ಅದೇ ಹೆಸರು ಬೀಳುತ್ತದೆ. ಜಾತಿಯನ್ನು ಬಾಯಿಬಿಟ್ಟು ಹೇಳುವ ಅಡ್ಡಹೆಸರುಗಳೇ ತುಂಬಿರುವ ನಾಡಿನಲ್ಲಿ ನನ್ನ ಹೆಸರು ಬರಿ ಊರನ್ನು ಹೇಳಿ ಸುಮ್ಮನಾಗುತ್ತದೆ. ಇದು ನನಗೆ ದೊಡ್ಡ ನೆಮ್ಮದಿ.

ಇದು ನಮ್ಮ ಸೀಮೆಗಷ್ಟೇ ಸಂಬಂಧಿಸಿದ ರೀತಿಯಲ್ಲ. ಗ್ರೀಸ್ ದೇಶದಲ್ಲಿ ಅಡ್ಡಹೆಸರಿನ ಬಾಲ ನೋಡಿ ಮನೆತನದ ಸೀಮೆಯನ್ನು ಊಹಿಸುತ್ತಾರೆ. ‘ಆಕಿಸ್’ ಎಂದು ಮುಗಿದರೆ ಕ್ರೀಟ್ ದ್ವೀಪದ ಕಡೆ, ‘ಪುಲೋಸ್’ ಎಂದರೆ ಹೆಚ್ಚಾಗಿ ದಕ್ಷಿಣದ ಪೆಲೊಪೊನೀಸ್, ‘ಇದಿಸ್’ ಎಂದರೆ ಬಹಳ ಸಲ ಕಪ್ಪು ಸಮುದ್ರದ ತೀರದಿಂದ ಬಂದವರು. 1923ರ ಒಪ್ಪಂದದಂತೆ ತುರ್ಕಿಯ ಗ್ರೀಕ್ ಕ್ರೈಸ್ತರೂ ಗ್ರೀಸಿನ ಮುಸಲ್ಮಾನರೂ ಪರಸ್ಪರ ದೇಶ ಬದಲಿಸಬೇಕಾಯಿತು. ‘ಇದಿಸ್’ ಹೆಸರಿನವರು ಉತ್ತರ ಗ್ರೀಸಿನಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಆ ನಿರಾಶ್ರಿತರ ಬರವೇ ಕಾರಣ. ನನಗೆ ಎಲ್ಲಕ್ಕಿಂತ ಹತ್ತಿರವಾದ ಗ್ರೀಕ್ ಅಡ್ಡಹೆಸರು ಕ್ರಿಟಿಕೋಸ್. ಕ್ರೀಟಿನವನು ಎಂದು ಅದರ ಅರ್ಥ. ಇಂಥ ಹೆಸರು ಬೀಳಬೇಕಾದರೆ ಕ್ರೀಟ್ ಬಿಟ್ಟು ಬೇರೆ ದ್ವೀಪಕ್ಕೋ ಪಟ್ಟಣಕ್ಕೋ ಹೋಗಿರಬೇಕು. ಕ್ರೀಟಿನೊಳಗೆ ಕ್ರೀಟಿನವನು ಎಂದು ಯಾರನ್ನು ಕರೆದಾರು? ಕದರಮಂಡಲಗಿಯ ಹಿರಿಯರು ನನ್ನನ್ನು ಕೇಳಿದ್ದೂ ಅದನ್ನೇ.

ಈಗ ಈ ಹೆಸರು ಇನ್ನೂ ದೂರ ಹೋಗುತ್ತಿದೆ. ಕನ್ನಡದಲ್ಲಿ ಏಳೇ ಅಕ್ಷರ, ಇಂಗ್ಲಿಷಿನಲ್ಲಿ ಬರೆದರೆ ಹದಿನೈದು. ನಮ್ಮ ಮನೆಯಲ್ಲೇ ಒಬ್ಬರ ಆಧಾರಿನಲ್ಲಿ ‘ರ’ ಆದಮೇಲಿನ ‘ಎ’ ಇಲ್ಲ, ಇನ್ನೊಬ್ಬರ ಅಂಕಪಟ್ಟಿಯಲ್ಲಿ ‘ಲ’ ಆದಮೇಲಿನ ‘ಎ’ ಇಲ್ಲ. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಪಾಸ್‌ಪೋರ್ಟಿಗೆ ಹೋದಾಗ ಮೂರು ಮನೆತನಗಳಂತೆ ಕಾಣುತ್ತದೆ. ಶಾಲೆಗೆ ಮಗುವನ್ನು ಸೇರಿಸುವ ಎಲ್ಲರಿಗೂ ನಾನು ಹೇಳುವುದಿಷ್ಟು: ಅಜ್ಜನ ಕಾಗದದಲ್ಲಿ ಇಂಗ್ಲಿಷ್ ಕಾಗುಣಿತ ಹೇಗಿದೆಯೋ ಹಾಗೇ ಬರೆಸಿ, ಚಂದಕ್ಕೆಂದು ಒಂದಕ್ಷರವನ್ನೂ ಬಿಡಬೇಡಿ. ಬೆಂಗಳೂರಿಗೆ ಹೋದ ನಮ್ಮ ಹುಡುಗರಲ್ಲಿ ಕೆಲವರು ಇದನ್ನು ಬರಿ ‘ಕೆ’ ಮಾಡಿಕೊಂಡಿದ್ದಾರೆ. ಅಲ್ಲಿಯ ರೂಢಿ ಹಾಗಿರಬಹುದು. ಆದರೆ ಅವರ ಮಕ್ಕಳು ಆ ‘ಕೆ’ ಯಾವ ಊರು ಎಂದು ಕೇಳದಿದ್ದರೆ ಎಂದು ನನಗೆ ನೋವಾಗುತ್ತದೆ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ದೊಡ್ಡದು. ಅಡ್ಡಹೆಸರಿನ ಹಾದಿ ಹಿಡಿದು ನಕಾಶೆ ಬರೆದರೆ ಕಾಣುವುದು ಗಂಡಸರ ಪ್ರಯಾಣ ಮಾತ್ರ. ನಮ್ಮ ಹಳ್ಳಿಗಳಲ್ಲಿ ಹುಟ್ಟೂರು ಬಿಟ್ಟು ಬೇರೆ ಊರಿಗೆ ಹೋಗುವವರಲ್ಲಿ ಹೆಚ್ಚಿನವರು ಲಗ್ನವಾಗಿ ಹೋಗುವ ಹೆಣ್ಣುಮಕ್ಕಳು. ಅವರು ಹೋದ ಮನೆಯ ಅಡ್ಡಹೆಸರು ಹಚ್ಚಿಕೊಳ್ಳುತ್ತಾರೆ, ಬಂದ ಊರು ಕಾಗದದಲ್ಲಿ ಅಳಿಯುತ್ತದೆ. ಗ್ರೀಸಿನಲ್ಲಿ 1983ರ ಕಾಯಿದೆಯ ಪ್ರಕಾರ ಹೆಣ್ಣು ಮದುವೆಯಾದ ಮೇಲೂ ಹುಟ್ಟಿದ ಮನೆಯ ಅಡ್ಡಹೆಸರನ್ನೇ ಕಾನೂನಿನ ಹೆಸರಾಗಿ ಉಳಿಸಿಕೊಳ್ಳುತ್ತಾಳೆ. ನಾನು ಬ್ಯಾಡಗಿಯ ಸೊಸೆಯಾದ ಮೇಲೂ ನನ್ನ ಸೇವಾ ಪುಸ್ತಕದಲ್ಲಿ ಕದರಮಂಡಲಗಿ ಎಂದೇ ಇಟ್ಟುಕೊಂಡೆ. ಮನೆಯವರು ಬೇಡವೆನ್ನಲಿಲ್ಲ.

ಕಾಗದದಲ್ಲಿ ಅಳಿದದ್ದು ಬಾಯಲ್ಲಿ ಉಳಿದಿದೆ. ನಮ್ಮ ಕಡೆ ಅತ್ತೆ ಸೊಸೆಯನ್ನು, ನೆಗೆಣ್ಣಿ ನೆಗೆಣ್ಣಿಯನ್ನು ತವರೂರಿನಿಂದಲೇ ಕರೆಯುವುದುಂಟು: ಗುತ್ತಲದಾಕಿ, ಹಾನಗಲ್ಲಾಕಿ, ಹರಿಹರದಾಕಿ. ಹುಬ್ಬಳ್ಳಿಯ ಮನೆಯಲ್ಲಿ ನಮ್ಮ ಅಜ್ಜಿಯನ್ನು ಓಣಿಯ ಹೆಂಗಸರೆಲ್ಲ ಕಾಗಿನೆಲ್ಲ್ಯಾಕಿ ಎನ್ನುತ್ತಿದ್ದರು. ಅಜ್ಜನಿಗೆ ಕದರಮಂಡಲಗಿ ಎಂಬ ಹೆಸರು ಹೇಗೆ ಬಂತೋ ಅವಳಿಗೂ ಹಾಗೇ ಬಂದ ಹೆಸರು ಅದು. ಅಜ್ಜನದು ರಜಿಸ್ಟರಿಗೆ ಏರಿತು, ಅವಳದು ಏರಲಿಲ್ಲ.

ವಂಶವೃಕ್ಷ ಬರೆಯಬೇಕೆಂದು ಮನೆತನದ ಹುಡುಗರು ಹೋದ ವರ್ಷ ನನ್ನ ಬಳಿ ಬಂದರು. ಗಂಡಸರ ಹೆಸರಷ್ಟನ್ನೇ ಬರೆದು ತಂದಿದ್ದರು. ಪ್ರತಿಯೊಬ್ಬ ಸೊಸೆಯ ಹೆಸರನ್ನು, ಅದರ ಪಕ್ಕದಲ್ಲಿ ಅವಳ ತವರೂರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಕಳಿಸಿದೆ. ಎಂಬತ್ತು ದಾಟಿದ ಸೋದರತ್ತೆಯರನ್ನು ಕೇಳಿ ಕೇಳಿ ತುಂಬಿದ್ದಾರೆ. ಈಗ ಆ ಹಾಳೆಯಲ್ಲಿ ಕಾಗಿನೆಲೆ, ಗುತ್ತಲ, ಹಿರೇಕೆರೂರು, ಅಗಡಿ, ಲಕ್ಷ್ಮೇಶ್ವರ, ಹರಿಹರ ಬಂದಿವೆ. ಇನ್ನು ಇಬ್ಬರ ತವರೂರು ಸಿಗಬೇಕು.