ಗ್ರಾಮ ಪಂಚಾಯತಿ ಸಿಬ್ಬಂದಿ ನೇಮಕ: ತ್ವರೆ ಎಲ್ಲಿ, ಪರಿಶೀಲನೆ ಎಲ್ಲಿ

ನೀರಗಂಟಿಯ ಹುದ್ದೆ ತೆರವಾದರೆ ಊರು ಮರುದಿನವೇ ನೀರು ಕೇಳುತ್ತದೆ. ಕುಂದಗೋಳ ತಾಲ್ಲೂಕಿನ ಎರೆಭೂಮಿಯ ಗ್ರಾಮಗಳಲ್ಲಿ ಬೇಸಿಗೆಯ ಒಂದು ವಾರವೂ ದೀರ್ಘವೇ. ಆದುದರಿಂದ, ಸದ್ಯಕ್ಕೆ ಒಬ್ಬರನ್ನು ದಿನಗೂಲಿಯ ಮೇಲೆ ಇಟ್ಟುಕೊಂಡು ಕಡತವನ್ನು ಆಮೇಲೆ ಮಾಡೋಣ ಎಂಬ ಮಾತು ಸಭೆಯಲ್ಲಿ ಸಹಜವಾಗಿಯೇ ಬರುತ್ತದೆ. ಈ ‘ಸದ್ಯಕ್ಕೆ’ ಎಂಬುದು ಎಷ್ಟು ವರ್ಷ ಬೆಳೆಯಬಲ್ಲದೆಂಬುದನ್ನು ನಮ್ಮ ಜಿಲ್ಲೆ ಕಂಡಿದೆ.

ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ಸೇವಾ ಭದ್ರತೆ ಮತ್ತು ಸಮಾನ ವೇತನ ಕೋರಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. 1990ರ ಫೆಬ್ರುವರಿಯ ತೀರ್ಪಿನಲ್ಲಿ ನ್ಯಾಯಾಲಯವು ರಾಜ್ಯಕ್ಕೆಲ್ಲ ಅನ್ವಯಿಸುವ ಯೋಜನೆಯನ್ನು ಗೊತ್ತುಪಡಿಸಿ, 10 ವರ್ಷ ಸೇವೆ ಪೂರೈಸಿದವರ ಪೈಕಿ 18,600 ಮಂದಿಯನ್ನು ಸಕ್ರಮಗೊಳಿಸಲು ಸೂಚಿಸಿತು. ಆ ಬಾಗಿಲು ಈಗ ಬಹುಮಟ್ಟಿಗೆ ಮುಚ್ಚಿದೆ. 2006ರ ಏಪ್ರಿಲ್ 10ರಂದು, ಕರ್ನಾಟಕ ರಾಜ್ಯ ವಿರುದ್ಧ ಉಮಾದೇವಿ ಪ್ರಕರಣದಲ್ಲಿ, ನಿಯಮಬದ್ಧ ಆಯ್ಕೆಯಿಲ್ಲದೆ ಬಂದವರಿಗೆ ದೀರ್ಘ ಸೇವೆಯೊಂದರಿಂದಲೇ ಕಾಯಂ ಆಗುವ ಹಕ್ಕು ದೊರೆಯದೆಂದು ಸಂವಿಧಾನ ಪೀಠವು ಸ್ಪಷ್ಟಪಡಿಸಿತು. ಹತ್ತು ವರ್ಷ ವಾಲ್ವ್ ತಿರುಗಿಸಿದವನ ಕೈಯಲ್ಲಿ ಕೊನೆಗೆ ಆದೇಶದ ಪ್ರತಿಯೂ ಇರುವುದಿಲ್ಲ. ಅವಸರದ ನಷ್ಟ ಪಂಚಾಯತಿಗಿಂತ ಆತನಿಗೇ ಹೆಚ್ಚು.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 113ರಂತೆ ಗ್ರಾಮ ಪಂಚಾಯತಿಯು ಸಿಬ್ಬಂದಿಯನ್ನು ನೇಮಿಸಲು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರ ಪೂರ್ವಾನುಮೋದನೆ ಅವಶ್ಯ. ‘ಪೂರ್ವ’ ಎಂಬ ಪದವನ್ನು ಗಮನಿಸಬೇಕು. ನೇಮಿಸಿಕೊಂಡ ನಂತರ ಘಟನೋತ್ತರವಾಗಿ ಕೇಳುವುದು ಅನುಮೋದನೆಯಲ್ಲ, ಕ್ಷಮೆ.

ಹಾಗಾದರೆ ತ್ವರೆಗೆ ಎಡೆಯೆಲ್ಲಿ? ಹುದ್ದೆ ತೆರವಾಗುವ ಮೊದಲು. ನೌಕರನ ಜನ್ಮದಿನಾಂಕ ಕಡತದಲ್ಲಿಯೇ ಇರುವುದರಿಂದ ವಯೋನಿವೃತ್ತಿ ಯಾರಿಗೂ ಅನಿರೀಕ್ಷಿತವಲ್ಲ. ಆರು ತಿಂಗಳು ಮುಂಚಿತವಾಗಿ ಠರಾವು ಕೈಗೊಂಡು, ಹುದ್ದೆಯ ಮಂಜೂರಾತಿ, ಮೀಸಲಾತಿಯ ವಿವರ ಹಾಗೂ ವೇತನ ಭರಿಸುವ ಆರ್ಥಿಕ ಸ್ಥಿತಿಯನ್ನು ಸೇರಿಸಿ ಪ್ರಸ್ತಾವನೆ ಸಲ್ಲಿಸಬಹುದು. ವಿಳಂಬಕ್ಕೆ ಮೇಲಿನ ಕಚೇರಿಗಳೂ ಹೊರತಲ್ಲ. ಆದರೆ ಒಂದು ದಾಖಲೆಯ ಕೊರತೆಯಿಂದ ಹಿಂದಿರುಗಿದ ಕಡತ ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತದೆ.

ಅರ್ಜಿ ಕರೆಯುವ ಪ್ರಕಟಣೆ ಪಂಚಾಯತಿಯ ಫಲಕದಲ್ಲಿ ಅಂಟಿಸಿದರೆ ಮುಗಿಯಲಿಲ್ಲ, ಪ್ರತಿ ಗ್ರಾಮಕ್ಕೂ ತಲುಪಬೇಕು. ಅಂಕಪಟ್ಟಿಯ ನೈಜತೆಯನ್ನು ನೀಡಿದ ಸಂಸ್ಥೆಯಿಂದಲೇ ದೃಢಪಡಿಸಿಕೊಳ್ಳುವುದನ್ನು ಎಷ್ಟೇ ಅವಸರವಿದ್ದರೂ ಬಿಡಬಾರದು.

ಮರಣ ಅಥವಾ ರಾಜೀನಾಮೆಯಿಂದ ಹಠಾತ್ತನೆ ತೆರವಾದಲ್ಲಿ, ಇರುವ ಸಿಬ್ಬಂದಿಯೊಬ್ಬರಿಗೆ ಲಿಖಿತ ಆದೇಶದ ಮೂಲಕ ಹೆಚ್ಚುವರಿ ಕೆಲಸ ವಹಿಸಿ, ಅದು ಮುಗಿಯುವ ದಿನಾಂಕವನ್ನು ಅದೇ ಆದೇಶದಲ್ಲಿ ನಮೂದಿಸತಕ್ಕದ್ದು.