ಬೇಳೆಯನ್ನು ತಡೆಯುವ ಹುಳಿ, ಮಾಂಸವನ್ನು ಮೆದುಗೊಳಿಸುವ ಹುಳಿ

ಮಾಘ, ಫಾಲ್ಗುಣ ಮಾಸಗಳಲ್ಲಿ ಕೂಡ್ಲಿಗಿಯಿಂದ ಕೊಟ್ಟೂರಿಗೆ, ಅಲ್ಲಿಂದ ಹರಪನಹಳ್ಳಿಗೆ, ಅಥವಾ ಹಗರಿಬೊಮ್ಮನಹಳ್ಳಿಯಿಂದ ಹೂವಿನಹಡಗಲಿಗೆ ಪ್ರಯಾಣ ಮಾಡುವವರು ಹೊಲದ ಬದುಗಳಲ್ಲಿಯೂ ಊರ ಮುಂದಿನ ತೋಪುಗಳಲ್ಲಿಯೂ ಜನರು ಹುಣಸೆಯ ಮರಗಳನ್ನು ಬಡಿಯುತ್ತಿರುವುದನ್ನು ಕಾಣಬಹುದು. ಕೆಲವು ದಿನಗಳ ತರುವಾಯ ಅದೇ ಊರುಗಳ ಜಗಲಿಗಳಲ್ಲಿ ಹೆಂಗಸರು ಗುಂಪಾಗಿ ಕುಳಿತು ಹಣ್ಣನ್ನು ಕುಟ್ಟಿ, ಬೀಜವನ್ನೂ ನಾರನ್ನೂ ಬಿಡಿಸುತ್ತಿರುತ್ತಾರೆ. ಮಳೆ ಕಡಮೆಯಾದ ಈ ಸೀಮೆಯ ಅಡಿಗೆಮನೆಯಲ್ಲಿ ಹುಣಸೆಹಣ್ಣಿನ ಗಡಿಗೆ ಬರಿದಾಗುವುದು ಅಪರೂಪ.

ಈ ಹಣ್ಣನ್ನು ಕುರಿತು ಇಲ್ಲಿನ ಗೃಹಿಣಿಯರೆಲ್ಲರೂ ಬಲ್ಲ ಒಂದು ನಿಯಮವುಂಟು. ಬೇಳೆ ಬೇಯುವ ಮುನ್ನ ಹುಳಿಯನ್ನು ಹಾಕಬಾರದು. ಹಾಕಿದರೆ ಬೇಳೆ ಎಷ್ಟು ಹೊತ್ತು ಕುದಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ನಾವು ಒಮ್ಮೆ ಅವಸರದಲ್ಲಿ ಎರಡನ್ನೂ ಕೂಡಿಸಿ ಒಲೆಗೆ ಏರಿಸಿ, ರಾತ್ರಿ ಹತ್ತು ಗಂಟೆಯವರೆಗೆ ಬೆಂಕಿ ಊದಿದವರು. ಆದರೆ ಹಬ್ಬ ಜಾತ್ರೆಗಳ ಮರುದಿನ ಆಡಿನ ಅಥವಾ ಕುರಿಯ ಮಾಂಸವನ್ನು ಹುಣಸೆಯ ರಸದೊಡನೆ ಬೇಯಿಸುವ ಮನೆಗಳಲ್ಲಿ ಹುಳಿಯಿಂದ ಮಾಂಸ ಬೇಯಲಿಲ್ಲವೆಂದು ಯಾರೂ ದೂರುವುದಿಲ್ಲ. ಮಂಗಳೂರಿನ ಕ್ರೈಸ್ತರು ಹಂದಿಯ ಮಾಂಸವನ್ನು ಹುಣಸೆಹಣ್ಣು ಹಾಕಿಯೇ ಬೇಯಿಸುತ್ತಾರೆ. ಕೊಡಗಿನ ಪ್ರಸಿದ್ಧವಾದ ಪಂದಿಕರಿಯಲ್ಲಿ ಅದಕ್ಕಿಂತಲೂ ತೀಕ್ಷ್ಣವಾದ ಕಾಚಂಪುಳಿ ಬೀಳುತ್ತದೆ. ಮಾಂಸವನ್ನು ಉಣ್ಣುವವರೂ ಉಣ್ಣದವರೂ ಅಕ್ಕಪಕ್ಕದಲ್ಲಿ ಬಾಳುತ್ತಿರುವ ನಾಡು ನಮ್ಮದು. ರಸಾಯನಶಾಸ್ತ್ರವು ಎರಡು ಅಡಿಗೆಮನೆಗಳಿಗೂ ಒಂದೇ. ಹಾಗಾದರೆ ಒಂದೇ ಹುಳಿಯು ಬೇಳೆಯ ವಿಷಯದಲ್ಲಿ ಒಂದು ಬಗೆಯಾಗಿ, ಮಾಂಸದ ವಿಷಯದಲ್ಲಿ ಇನ್ನೊಂದು ಬಗೆಯಾಗಿ ವರ್ತಿಸುವುದೇಕೆ?

ಬೇಳೆಯ ಕಥೆಯನ್ನು ಮೊದಲು ನೋಡೋಣ. ತೊಗರಿಬೇಳೆಯು ಅಸಂಖ್ಯಾತ ಸಸ್ಯಕೋಶಗಳಿಂದಾದುದು. ಇಟ್ಟಿಗೆಗಳ ನಡುವೆ ಗಾರೆ ಇರುವಂತೆ, ಈ ಕೋಶಗಳ ನಡುವೆ ಪೆಕ್ಟಿನ್ ಎಂಬ ವಸ್ತುವಿದೆ. ಬೇಯುವುದೆಂದರೆ ಬಹುಮಟ್ಟಿಗೆ ಈ ಗಾರೆ ಕರಗಿ, ಕೋಶಗಳು ಒಂದನ್ನೊಂದು ಬಿಟ್ಟು ಬೇರೆಯಾಗುವುದೇ. ಪೆಕ್ಟಿನ್ನಿನ ಉದ್ದನೆಯ ಸರಪಳಿಯು ಬಿಸಿನೀರಿನಲ್ಲಿ ತುಂಡಾಗುವ ಕ್ರಿಯೆಯು ಕ್ಷಾರವಿದ್ದಲ್ಲಿ ಶೀಘ್ರವಾಗಿಯೂ, ಸಾಧಾರಣ ಹುಳಿಯಿದ್ದಲ್ಲಿ ಅತ್ಯಂತ ನಿಧಾನವಾಗಿಯೂ ನಡೆಯುತ್ತದೆ. ಆದುದರಿಂದಲೇ ಚಿಟಿಕೆ ಸೋಡ ಹಾಕಿದರೆ ಬೇಳೆ ಬೇಗ ಬೇಯುತ್ತದೆ (ಅದರೊಡನೆ ಬಿ ಗುಂಪಿನ ಜೀವಸತ್ವವೊಂದು ಹಾಳಾಗುತ್ತದೆಂಬುದನ್ನು ಮರೆಯಬಾರದು), ಹುಳಿ ಹಾಕಿದರೆ ಬೇಯದು. ಇದಕ್ಕೆ ಗಡಸು ನೀರಿನ ತೊಂದರೆಯೂ ಸೇರಿಕೊಳ್ಳುತ್ತದೆ. ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಮ್, ಪೆಕ್ಟಿನ್ನಿನ ಸರಪಳಿಗಳನ್ನು ಪರಸ್ಪರ ಹೊಲಿದು ಗಟ್ಟಿಮಾಡುತ್ತದೆ. ಮಳೆಯ ನೀರಿನಲ್ಲಿ ಬೇಳೆ ಬೇಗ ಬೇಯುವುದೆಂಬ ಹಿರಿಯರ ಮಾತಿಗೆ ಇದೇ ಆಧಾರ.

ಮಾಂಸದಲ್ಲಿ ಪೆಕ್ಟಿನ್ ಇಲ್ಲ. ಅಲ್ಲಿ ಎಳೆಗಳನ್ನು ಕಟ್ಟಿಟ್ಟಿರುವುದು ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆಗಳನ್ನು ಹುರಿಗೊಳಿಸಿದ ಹಗ್ಗದಂತೆ ಇದರ ಅಣು ಇರುತ್ತದೆ. ಹೆಚ್ಚು ದುಡಿಯುವ ಸ್ನಾಯುಗಳಲ್ಲಿ, ಎಂದರೆ ಕಾಲು, ಭುಜ, ಕತ್ತುಗಳಲ್ಲಿ, ಈ ಹಗ್ಗ ಅಧಿಕ. ಪ್ರಾಣಿಗೆ ವಯಸ್ಸಾದಂತೆ ಹಗ್ಗಗಳ ನಡುವೆ ಅಡ್ಡಗಂಟುಗಳು ಬಲಿಯುತ್ತವೆ. ಮುದಿ ಟಗರಿನ ಮಾಂಸವು ಹಲ್ಲಿಗೆ ಸವಾಲಾಗುವುದು ಇದರಿಂದಲೇ. ಹಂದಿಯನ್ನು ಸಾಮಾನ್ಯವಾಗಿ ಎಳೆಯ ಪ್ರಾಯದಲ್ಲಿಯೇ ಕಡಿಯುವುದರಿಂದ ಅದರ ಕೊಲಾಜೆನ್ ಹೆಚ್ಚು ಸುಲಭವಾಗಿ ಕರಗುತ್ತದೆ.

ಮಾಂಸವನ್ನು ಕಾಯಿಸಿದಾಗ ಆಗುವುದೇನು? ಸುಮಾರು 50 ಡಿಗ್ರಿ ಸೆಂಟಿಗ್ರೇಡಿನಿಂದ ಸ್ನಾಯುವಿನ ಪ್ರೋಟೀನುಗಳು ಹೆಪ್ಪುಗಟ್ಟಲಾರಂಭಿಸುತ್ತವೆ. 60 ರಿಂದ 65 ಡಿಗ್ರಿಗಳ ನಡುವೆ ಕೊಲಾಜೆನ್ ಕುಗ್ಗಿ, ಒದ್ದೆಬಟ್ಟೆಯನ್ನು ಹಿಂಡಿದಂತೆ ಮಾಂಸದೊಳಗಿನ ನೀರನ್ನು ಹೊರದೂಡುತ್ತದೆ. ಈ ಘಟ್ಟದಲ್ಲಿ ಮಾಂಸವು ಹಸಿಯಾಗಿದ್ದಾಗ ಇದ್ದುದಕ್ಕಿಂತಲೂ ಗಟ್ಟಿ. ಅಡಿಗೆಗೆ ಹೊಸಬರು ಇಲ್ಲಿಯೇ ಎದೆಗುಂದುವುದುಂಟು. ಆದರೆ 70 ಡಿಗ್ರಿಗಿಂತ ಮೇಲೆ ಬಹಳ ಹೊತ್ತು ಇರಿಸಿದರೆ ಮೂರೆಳೆಯ ಹುರಿ ಬಿಚ್ಚಿಕೊಂಡು, ಕೊಲಾಜೆನ್ ಕ್ರಮೇಣ ಜಿಲೆಟಿನ್ ಆಗಿ ನೀರಿನಲ್ಲಿ ಕರಗುತ್ತದೆ. ಕಾಲಿನ ಸಾರು ಆರಿದಾಗ ತುಟಿಗೆ ಅಂಟುವುದೂ ತಣ್ಣಗಾದಾಗ ಹೆಪ್ಪಾಗುವುದೂ ಈ ಜಿಲೆಟಿನ್ನಿನ ಗುಣ. ಕಟ್ಟು ಸಡಿಲಿದ ಎಳೆಗಳು ಬೆರಳಿಗೇ ಬಿಡಿಬಿಡಿಯಾಗಿ ಬರುತ್ತವೆ. ಈ ಪರಿವರ್ತನೆಗೆ ಗಂಟೆಗಳ ಕಾಲ ಬೇಕು. ಎರಡು ಗಂಟೆಯೊಳಗೆ ಆಗಬೇಕಾದುದನ್ನು ಬೆಂಕಿ ದೊಡ್ಡದು ಮಾಡಿ ಅರ್ಧ ಗಂಟೆಯಲ್ಲಿ ಮಾಡಲು ತೆರೆದ ಪಾತ್ರೆಯಲ್ಲಿ ಸಾಧ್ಯವಿಲ್ಲ.

ಹುಳಿಯ ಪಾತ್ರವು ಇಲ್ಲಿ ಸ್ವಾರಸ್ಯವಾದುದು. ಆಮ್ಲದಲ್ಲಿ ಕೊಲಾಜೆನ್ ಉಬ್ಬುತ್ತದೆ, ಅದರ ಹುರಿ ಕಡಮೆ ಶಾಖಕ್ಕೇ ಬಿಚ್ಚಿಕೊಳ್ಳುತ್ತದೆ. ಮಾಂಸದಲ್ಲಿಯೇ ಇರುವ ಕೆಲವು ಕಿಣ್ವಗಳು ಆಮ್ಲದಲ್ಲಿ ಚುರುಕಾಗಿ ಎಳೆಗಳನ್ನು ಕತ್ತರಿಸುತ್ತವೆ. ಹೀಗೆ ಪೆಕ್ಟಿನ್ನನ್ನು ಕಾಪಾಡಿದ ಹುಳಿಯೇ ಕೊಲಾಜೆನ್ನನ್ನು ಸಡಿಲಿಸುತ್ತದೆ. ಆದರೂ ಒಂದು ಎಚ್ಚರಿಕೆ ಅಗತ್ಯ. ಮಾಂಸದ ಸಹಜವಾದ ಆಮ್ಲತೆಯು ಪಿಎಚ್ ಮಾನದಲ್ಲಿ ಸುಮಾರು 5.5. ಅದು 5 ರ ಹತ್ತಿರಕ್ಕೆ ಇಳಿದಾಗ ಸ್ನಾಯುವಿನ ಪ್ರೋಟೀನುಗಳ ಮೇಲಣ ವಿದ್ಯುದಂಶಗಳು ಸಮತೂಕಕ್ಕೆ ಬಂದು, ಅವು ನೀರನ್ನು ಹಿಡಿದಿಡುವ ಶಕ್ತಿ ಅತ್ಯಂತ ಕಡಮೆಯಾಗುತ್ತದೆ. ಆದುದರಿಂದ ಅರೆಬರೆ ಹುಳಿಯು ಮಾಂಸವನ್ನು ಒಣಗಿಸಲೂಬಹುದು. ಇನ್ನೂ ಕೆಳಗಿಳಿದರೆ ಮಾತ್ರ ಎಳೆಗಳು ಮತ್ತೆ ನೀರು ಹಿಡಿದು ಉಬ್ಬುತ್ತವೆ. ಜೊತೆಗೆ, ಮಸಾಲೆಯಲ್ಲಿ ನೆನೆಯಿಟ್ಟ ಹುಳಿಯು ಕೆಲವು ಗಂಟೆಗಳಲ್ಲಿ ಒಳಹೋಗುವುದು ಕೆಲವೇ ಮಿಲಿಮೀಟರುಗಳಷ್ಟು. ಮೆದುತನದ ಕೀರ್ತಿಯನ್ನೆಲ್ಲ ಹುಳಿಗೇ ಕಟ್ಟುವುದು ನಮ್ಮ ಮಟ್ಟಿಗೆ ಅತಿಶಯೋಕ್ತಿ. ಹೆಚ್ಚಿನ ಪಾಲು ಸಲ್ಲಬೇಕಾದುದು ಶಾಖಕ್ಕೂ ಕಾಲಕ್ಕೂ.

ಕೊಡಗಿನ ಪದ್ಧತಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಗದ್ದೆಯ ನಾಟಿ ಮುಗಿದು, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಮುಹೂರ್ತದಂದು ಆಯುಧಗಳಿಗೆ ಪೂಜೆ ಸಲ್ಲಿಸಿ, ಅಕ್ಕಿತರಿಯ ಕಡಂಬುಟ್ಟಿನೊಡನೆ ಪಂದಿಕರಿಯನ್ನು ಉಣ್ಣುವುದು ಅಲ್ಲಿನ ರೂಢಿ. ಮಾಂಸವನ್ನು ಅದರದೇ ಕೊಬ್ಬಿನಲ್ಲಿಯೂ ಸ್ವಲ್ಪ ನೀರಿನಲ್ಲಿಯೂ ನಿಧಾನವಾಗಿ ಬೇಯಿಸಿ, ಹುರಿದ ಮೆಣಸು, ಜೀರಿಗೆಗಳ ಕಪ್ಪು ಪುಡಿಯನ್ನು ಸೇರಿಸುತ್ತಾರೆ. ಕಾಚಂಪುಳಿಯನ್ನು ಕೆಲವರು ಮೊದಲೇ ಸವರುವರಾದರೂ ಅನೇಕರು ಕೊನೆಯಲ್ಲಿ ಹಾಕುತ್ತಾರೆ. ಆ ವೇಳೆಗೆ ಕೊಲಾಜೆನ್ನಿನ ಕೆಲಸ ಬಹುಪಾಲು ಮುಗಿದಿರುತ್ತದೆ. ಹುಳಿಯು ಕೊಬ್ಬಿನ ಜಿಡ್ಡನ್ನು ನಾಲಿಗೆಗೆ ಹಗುರಮಾಡುತ್ತದೆ, ಪದಾರ್ಥವು ಬೇಗ ಕೆಡದಂತೆ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ.

ಕಾಚಂಪುಳಿಯಾದರೂ ಹಣ್ಣಿನದೇ ರಸ. ಪಶ್ಚಿಮಘಟ್ಟದಲ್ಲಿ ಬೆಳೆಯುವ ಈ ಮರವನ್ನು ಕೊಡಗಿನಲ್ಲಿ ಪಣಪುಳಿಯೆಂದೂ ಮಲೆನಾಡಿನಲ್ಲಿ ಉಪ್ಪಾಗೆಯೆಂದೂ ಕರೆಯುತ್ತಾರೆ. ಮಳೆಗಾಲದಲ್ಲಿ ಮಾಗಿದ ಹಣ್ಣುಗಳನ್ನು ರಾಶಿಹಾಕಿ, ತೊಟ್ಟಿಕ್ಕಿದ ರಸವನ್ನು ಸಂಗ್ರಹಿಸಿ, ಕಪ್ಪಾಗಿ ಮಂದವಾಗುವವರೆಗೆ ಕಾಯಿಸಿದರೆ ಕಾಚಂಪುಳಿ ಸಿದ್ಧ. ಇದರಲ್ಲಿರುವುದು ನಿಂಬೆಯ ಅಥವಾ ಹುಣಸೆಯ ಆಮ್ಲವೇ ಎಂದು ಬಹುಕಾಲ ಭಾವಿಸಲಾಗಿತ್ತು. ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಎಂಬ ವಿಜ್ಞಾನಿಗಳು 1965ರಲ್ಲಿ ಈ ಜಾತಿಯ ಹಣ್ಣಿನ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು. ಮುಂದೆ ಈ ಆಮ್ಲವನ್ನು ಬೊಜ್ಜು ಕರಗಿಸುವ ಗುಳಿಗೆಗಳನ್ನಾಗಿ ಜಗತ್ತಿನಾದ್ಯಂತ ಮಾರಿದರು. ಆ ಹೇಳಿಕೆಗೆ ಆಧಾರವು ದುರ್ಬಲ. ಅಂತಹ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಸಂಗಗಳೂ ವರದಿಯಾಗಿವೆ. ಅಡಿಗೆಗೆ ಹಾಕುವ ಒಂದೆರಡು ಚಮಚದ ಮಾತು ಬೇರೆ.

ನಮ್ಮ ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯನ್ನು ಬಿಟ್ಟರೆ ಬೇರೆ ಹಣ್ಣುಗಳಲ್ಲಿ ಇದು ಇಷ್ಟು ಪ್ರಮಾಣದಲ್ಲಿ ದೊರೆಯುವುದು ವಿರಳ. ಮಾವು ಮುಂತಾದ ಹಣ್ಣುಗಳು ಮಾಗುವಾಗ ಆಮ್ಲವು ಕುಂದುತ್ತದೆ; ಹುಣಸೆಯಲ್ಲಿ ಆಮ್ಲವು ಹಾಗೆಯೇ ಉಳಿದು ಸಕ್ಕರೆ ಮಾತ್ರ ಏರುತ್ತದೆ. ಹುಳಿಸಿಹಿಗಳ ಈ ಜೋಡಿಯೇ ಅದರ ರುಚಿಯ ಗುಟ್ಟು.

ಹುಳಿಯಿಲ್ಲದೆಯೂ ಮಾಂಸವನ್ನು ಮೆದುಮಾಡುವ ಕಾಯಿಗಳುಂಟು. ಪರಂಗಿಯ ಹಸಿಕಾಯಿಯಲ್ಲಿ ಪಪೇಯಿನ್ ಎಂಬ ಕಿಣ್ವವಿದೆ. ಬಳ್ಳಾರಿ ಸೀಮೆಯ ಅಂಜೂರದ ಹಾಲಿನಲ್ಲಿ ಫಿಸಿನ್ ಇದೆ. ಇವು ಪ್ರೋಟೀನನ್ನೇ ಕತ್ತರಿಸುತ್ತವೆ. ಪಪೇಯಿನ್ 60-70 ಡಿಗ್ರಿಗಳ ಶಾಖದಲ್ಲಿ ಅತ್ಯಂತ ಚುರುಕಾಗಿದ್ದು, ಕುದಿಯುವ ಮಟ್ಟಕ್ಕೆ ಬಂದಾಗ ನಾಶವಾಗುತ್ತದೆ. ಹೆಚ್ಚಾದರೆ ಮಾಂಸವು ಹಿಟ್ಟಿನ ಮುದ್ದೆಯಂತಾಗುವುದರಿಂದ ಒಂದು ತುಣುಕು ಸಾಕು.

ಇನ್ನು ಬೆಂಕಿಯ ಲೆಕ್ಕ. ಪ್ರೌಢಶಾಲೆಯ ಭೌತಶಾಸ್ತ್ರ ಬಲ್ಲವರು ಇದನ್ನು ಕೈಯಲ್ಲಿಯೇ ಮಾಡಬಹುದು. 30 ಡಿಗ್ರಿಯ ಎರಡು ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಲು 140 ಕಿಲೊಕೆಲೊರಿ ಶಾಖ ಬೇಕು. ಒಂದು ಗ್ರಾಂ ನೀರು ಹಬೆಯಾಗಲು ಬೇಕಾದ ಗುಪ್ತೋಷ್ಣವು ಸುಮಾರು 540 ಕೆಲೊರಿ. ಮುಚ್ಚಳವಿಲ್ಲದೆ ಕೊತಕೊತನೆ ಕುದಿಸಿ ಅರ್ಧ ಲೀಟರ್ ನೀರನ್ನು ಆವಿಮಾಡಿದರೆ 270 ಕಿಲೊಕೆಲೊರಿ ಗಾಳಿಗೆ ಹೋಯಿತು, ಎಂದರೆ ನೀರನ್ನು ಕಾಯಿಸಿದುದರ ಸುಮಾರು ಎರಡರಷ್ಟು. ಒಂದು ಕಿಲೊಗ್ರಾಂ ಒಣಸೌದೆಯಲ್ಲಿ ಸುಮಾರು 4,000 ಕಿಲೊಕೆಲೊರಿ ಇದ್ದರೂ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲಪುವುದು ಅದರ ಹತ್ತನೆಯ ಒಂದು ಪಾಲಿನಷ್ಟೇ. ಆದುದರಿಂದ ಆ ಅರ್ಧ ಲೀಟರ್ ಹಬೆಯ ಬೆಲೆ ಸುಮಾರು ಮುಕ್ಕಾಲು ಕಿಲೊಗ್ರಾಂ ಸೌದೆ. ಕುರುಚಲು ಗುಡ್ಡಗಳ ಈ ತಾಲ್ಲೂಕುಗಳಲ್ಲಿ ತಲೆಯ ಮೇಲೆ ಹೊರೆ ಹೊತ್ತು ತಂದವರಿಗೆ ಅದು ಸಣ್ಣ ಮಾತಲ್ಲ. ಅನಿಲದ ಸಿಲಿಂಡರಿಗೆ ಹಣ ತೆರುವವರಿಗೂ ಅಲ್ಲ. ಇಷ್ಟಾದರೂ ಪಾತ್ರೆಯೊಳಗಿನ ಶಾಖವು ಕುದಿಬಿಂದುವಿಗಿಂತ ಒಂದು ಡಿಗ್ರಿಯೂ ಏರಿರುವುದಿಲ್ಲ. ಮುಚ್ಚಳವಿಟ್ಟು, ಗುಳ್ಳೆಗಳು ಒಂದೊಂದಾಗಿ ಏಳುವಷ್ಟು ಉರಿಯಿದ್ದರೆ ಕೊಲಾಜೆನ್ನಿಗೆ ಸಾಕು. ಪ್ರೆಶರ್ ಕುಕ್ಕರಿನ ದಾರಿ ಬೇರೆ: ಅದು ಕುದಿಬಿಂದುವನ್ನೇ ಸುಮಾರು 120 ಡಿಗ್ರಿಗೆ ಎತ್ತುತ್ತದೆ. ಪ್ರತಿ 10 ಡಿಗ್ರಿಗೆ ಕ್ರಿಯೆಯ ವೇಗವು ಇಮ್ಮಡಿಯಾಗುವುದೆಂದು ಎಣಿಸಿದರೆ ಎರಡು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯುತ್ತದೆ.

ಹಂದಿಯ ಮಾಂಸದ ವಿಷಯದಲ್ಲಿ ಚೆನ್ನಾಗಿ ಬೇಯಿಸುವುದಕ್ಕೆ ರುಚಿಗಿಂತಲೂ ದೊಡ್ಡ ಕಾರಣವೊಂದಿದೆ. ಬಯಲಿನಲ್ಲಿ ತಿರುಗಿ ಮನುಷ್ಯರ ಮಲವನ್ನು ತಿನ್ನುವ ಹಂದಿಗಳ ಸ್ನಾಯುಗಳಲ್ಲಿ ಲಾಡಿಹುಳುವಿನ ಮರಿಗಳು ಸಣ್ಣ ಗುಳ್ಳೆಗಳಂತೆ ನೆಲೆಸಿರಬಹುದು. ಅರೆಬೆಂದ ಮಾಂಸವನ್ನು ತಿಂದವನ ಕರುಳಿನಲ್ಲಿ ಆ ಮರಿಯು ಹಲವು ಅಡಿ ಉದ್ದದ ಹುಳುವಾಗುತ್ತದೆ. ಆದರೆ ಮೆದುಳಿನಲ್ಲಿ ಗುಳ್ಳೆಗಳಾಗಿ ಮೂರ್ಛೆರೋಗ ಬರುವುದು ಮಾಂಸದಿಂದ ನೇರವಾಗಿ ಎಂದು ತಿಳಿಯುವುದು ತಪ್ಪು. ಹುಳುವಿರುವ ಮನುಷ್ಯನ ಮಲದಲ್ಲಿನ ಮೊಟ್ಟೆಗಳು ಕೊಳೆಯಾದ ಕೈ, ನೀರು, ತೊಳೆಯದ ಸೊಪ್ಪುಗಳ ಮೂಲಕ ಬಾಯಿಗೆ ಬಂದಾಗ ಆ ರೋಗ ಉಂಟಾಗುತ್ತದೆ. ಹೀಗಾಗಿ ಮಾಂಸವನ್ನೇ ಮುಟ್ಟದವರಲ್ಲಿಯೂ ಅದು ಕಾಣಿಸಿಕೊಂಡಿದೆ. ಮಾಂಸದ ತುಂಡಿನ ನಡುಭಾಗವು 70 ಡಿಗ್ರಿಯನ್ನು ಮುಟ್ಟಿದರೆ ಮರಿಗಳು ಸಾಯುತ್ತವೆ. ಹುಳಿಯಲ್ಲಿ ನೆನೆಸಿದ ಮಾತ್ರಕ್ಕೆ ಸಾಯುತ್ತವೆಂದು ನಂಬಬಾರದು. ಗಂಟೆಗಟ್ಟಲೆ ಬೆಂದ ಪಂದಿಕರಿಯಲ್ಲಿ ಈ ಭಯವಿಲ್ಲ. ಮೊಟ್ಟೆಗಳ ವಿರುದ್ಧ ಕೆಲಸ ಮಾಡುವುದು ಶೌಚಾಲಯ, ಸಾಬೂನು, ಶುದ್ಧವಾದ ನೀರು.

ಕಡಮೆ ಉರಿಯ ಅಡಿಗೆಯನ್ನು ಉರಿಯೇ ಇಲ್ಲದೆ ಮುಂದುವರಿಸುವ ಉಪಾಯವೊಂದನ್ನು ವಿದ್ಯಾರ್ಥಿಗಳು ಪರೀಕ್ಷಿಸಿ ನೋಡಬಹುದು. ನಾರ್ವೆ ದೇಶದವರು 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂತಹ ಪೆಟ್ಟಿಗೆಯನ್ನು ತೋರಿಸಿದ್ದರು. ನಮ್ಮಲ್ಲಿ ಅದಕ್ಕೆ ಶೇಂಗಾದ ಹೊಟ್ಟು ಸೊಗಸಾಗಿ ಒದಗುತ್ತದೆ. ದೊಡ್ಡ ಬುಟ್ಟಿಯ ತಳದಲ್ಲಿ ಒಂದು ಗೇಣಿನಷ್ಟು ಒಣಹೊಟ್ಟನ್ನು ಹಾಸಿರಿ. ಮಾಂಸವಾಗಲಿ, ಹುಳಿ ಹಾಕದ ಬೇಳೆಯಾಗಲಿ, ತುಂಬಿದ ಪಾತ್ರೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ, ಮುಚ್ಚಳವನ್ನು ತೆಗೆಯದೆ ಬುಟ್ಟಿಯಲ್ಲಿಟ್ಟು, ಸುತ್ತಲೂ ಹೊಟ್ಟು ತುಂಬಿ, ಮೇಲೆ ಕಂಬಳಿಯನ್ನು ಒತ್ತಾಗಿ ಹೊದಿಸಿರಿ. ಹೊಟ್ಟಿನ ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಯು ಶಾಖವನ್ನು ಹೊರಬಿಡದು. ಪ್ರತಿ ಗಂಟೆಗೊಮ್ಮೆ ಪ್ರಯೋಗಶಾಲೆಯ ಥರ್ಮಾಮೀಟರಿನಿಂದ ಅಳೆದು ಶಾಖ ಇಳಿಯುವ ರೇಖೆಯನ್ನು ಬರೆಯಲು, ಮೊದಲ ದಿನ ಬರಿಯ ನೀರನ್ನಿಟ್ಟು ನೋಡುವುದು ಲೇಸು. ಶಾಖವು 60 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಪಾತ್ರೆಯನ್ನು ಹೊರತೆಗೆಯಬೇಕು. ಅದಕ್ಕಿಂತ ಕೆಳಗೆ ಸೂಕ್ಷ್ಮಜೀವಿಗಳು ವೃದ್ಧಿಯಾಗತೊಡಗುತ್ತವೆ. ಬಡಿಸುವ ಮೊದಲು ಇನ್ನೊಮ್ಮೆ ಚೆನ್ನಾಗಿ ಕುದಿಸಿ, ಹುಣಸೆಯ ರಸವನ್ನು ಆಗ ಹಾಕಿರಿ. ಪಾತ್ರೆಯು ತಾಮ್ರದ್ದೋ ಹಿತ್ತಾಳೆಯದೋ ಆಗಿದ್ದರೆ ಒಳಗಡೆ ಕಲಾಯಿ ಸವೆದಿಲ್ಲವೆಂಬುದನ್ನು ನೋಡಿಕೊಳ್ಳಿರಿ. ಸವೆದಿದ್ದರೆ ಹುಳಿಯು ತಾಮ್ರವನ್ನು ಕರಗಿಸಿ ಅಡಿಗೆಯನ್ನು ವಿಷಮಾಡುತ್ತದೆ. ಮಣ್ಣಿನ ಗಡಿಗೆಗೆ ಆ ಚಿಂತೆಯಿಲ್ಲ.